ಇದು ಯಾವ ದೇಶದ ಹಾಡು?

ನಮ್ಮ ಮನೆಗಳಲ್ಲಿ ದೊಡ್ಡವರ ಹಾಡಿನ ಹುಚ್ಚಿಗೆ ಮರ್ಯಾದೆ ಇಲ್ಲ. ಕ್ರಿಕೆಟ್ ಹುಚ್ಚಿಗೆ ಇದೆ. 1983ರ ವಿಶ್ವಕಪ್ ಫೈನಲ್‌ನಲ್ಲಿ ಯಾರು ಎಷ್ಟು ರನ್ ಹೊಡೆದರು ಎಂದು ಹೇಳುವ ಚಾಚಾ ಇದ್ದರೆ ಎಲ್ಲರೂ ಸುತ್ತ ಕುಳಿತು ಕೇಳುತ್ತಾರೆ. ಅದೇ ಕಾಲದ ಒಂದು ಹಾಡನ್ನು ನಲವತ್ತು ವರ್ಷದಿಂದ ಬಿಡದೆ ಕೇಳುತ್ತಿರುವವರನ್ನು ಕಂಡರೆ ಮಾತ್ರ ನಮಗೆ ನಗು ಬರುತ್ತದೆ. "ಇನ್ನೂ ಅದೇನಾ?" ಎಂದು ಕೇಳುತ್ತೇವೆ. ಈ ಸಂಚಿಕೆಗೆ ಪರೀಕ್ಷಾ ತಯಾರಿ ಬಗ್ಗೆ ಬರೆಯಿರಿ ಎಂದು ನಮ್ಮ ಮೇಡಂ ಹೇಳಿದ್ದರು. ಅದನ್ನು ಬರೆಯುವವರು ಬಹಳ ಜನ ಇದ್ದಾರೆ. ನಾನು ಹಾಡಿನ ಬಗ್ಗೆ, ಅದರಲ್ಲೂ ಒಂದೇ ಹಾಡುಗಾರ್ತಿಯನ್ನು ಜೀವನವಿಡೀ ಹಚ್ಚಿಕೊಂಡಿರುವ ನಮ್ಮ ಅಬ್ಬಾನ ಬಗ್ಗೆ ಬರೆಯುತ್ತೇನೆ.

ಅಬ್ಬಾ ಆಳಂದದಲ್ಲಿ ಟೈಲರ್. ಅಂಗಡಿಯಲ್ಲಿ ಎರಡು ಮಷೀನು, ಒಂದು ಇಸ್ತ್ರಿ ಮೇಜು, ಮೂಲೆಯಲ್ಲಿ ಒಂದು ನ್ಯಾಷನಲ್ ಪ್ಯಾನಾಸಾನಿಕ್ ಟೂ-ಇನ್-ಒನ್. ಆ ಪೆಟ್ಟಿಗೆಯನ್ನು ಅವರ ಚಾಚಾ 1983ರಲ್ಲಿ ಜಿದ್ದಾದಿಂದ ತಂದದ್ದು. ಜೊತೆಗೆ ಬಂದ ಕ್ಯಾಸೆಟ್‌ಗಳಲ್ಲಿ ಒಂದು 'ಡಿಸ್ಕೋ ದೀವಾನೆ'. ಆಗ ಅಬ್ಬಾಗೆ ಹನ್ನೆರಡು ವರ್ಷ. ಅಂದಿನಿಂದ ಇಂದಿನವರೆಗೆ ನಾಜಿಯಾ ಹಸನ್ ಅವರ ಹಾಡುಗಾರ್ತಿ. ರಫಿ ಸಾಹೇಬರನ್ನು ಕೇಳುತ್ತಾರೆ, ಹಂಸಲೇಖ ಅವರ 'ಪ್ರೇಮಲೋಕ'ದ ಕ್ಯಾಸೆಟ್ಟೂ ಮನೆಯಲ್ಲಿ ಇದೆ, ಉರುಸಿನ ದಿನಗಳಲ್ಲಿ ಕವ್ವಾಲಿ ಇರುತ್ತದೆ. ಆದರೆ ಕೆಲಸ ಬಹಳ ಇರುವ ರಾತ್ರಿ, ಹಬ್ಬದ ಮುಂಚೆ ಬಟ್ಟೆ ರಾಶಿ ಬಿದ್ದಿರುವಾಗ, ಅವರ ಕೈ ತಾನಾಗಿಯೇ ನಾಜಿಯಾ ಕ್ಯಾಸೆಟ್ಟಿನ ಕಡೆಗೆ ಹೋಗುತ್ತದೆ.

ಕ್ಯಾಸೆಟ್ ಎಂದರೆ ಏನು ಎಂದು ನಮ್ಮ ತರಗತಿಯ ಕೆಲವರಿಗೆ ಗೊತ್ತಿಲ್ಲ, ಆದ್ದರಿಂದ ಎರಡು ಮಾತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ಚಕ್ರ, ಅವುಗಳ ನಡುವೆ ಕಂದು ಬಣ್ಣದ ತೆಳು ಟೇಪು. ಟೇಪಿಗೆ ಕಬ್ಬಿಣದ ಆಕ್ಸೈಡ್ ಪುಡಿ ಲೇಪಿಸಿರುತ್ತಾರೆ, ಹಾಡು ಕಾಂತಶಕ್ತಿಯ ರೂಪದಲ್ಲಿ ಅದರ ಮೇಲೆ ಕೂತಿರುತ್ತದೆ. 60 ನಿಮಿಷದ್ದು, 90 ನಿಮಿಷದ್ದು ಎಂದು ಖಾಲಿ ಕ್ಯಾಸೆಟ್ ಸಿಗುತ್ತಿದ್ದವು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ತುಂಬಿಸಿ ಕೊಡುತ್ತಿದ್ದರು. ಟೇಪು ಸಡಿಲವಾದರೆ ಪೆನ್ಸಿಲ್ ಹಾಕಿ ತಿರುಗಿಸಬೇಕು. ಒಳಗಿನ ಬೆಲ್ಟು ಹಳತಾದರೆ ಹಾಡು ನಿಧಾನವಾಗಿ, ಜ್ವರ ಬಂದವರ ದನಿಯಂತೆ ಎಳೆಯುತ್ತದೆ. ಮುಖ್ಯವಾದ ವಿಷಯ, ಒಂದು ಹಾಡು ಬಿಟ್ಟು ಮುಂದಿನ ಹಾಡಿಗೆ ಹೋಗುವುದು ತಕ್ಷಣ ಆಗುವ ಕೆಲಸವಲ್ಲ. ಆದ್ದರಿಂದ ಇಷ್ಟವಿಲ್ಲದ ಹಾಡನ್ನೂ ಕೇಳಬೇಕಾಗುತ್ತಿತ್ತು. ಹಾಗೆ ಕೇಳಿ ಕೇಳಿ ಅದೂ ಇಷ್ಟವಾಗುತ್ತಿತ್ತು ಎನ್ನುತ್ತಾರೆ ಅಬ್ಬಾ. ನನ್ನ ಫೋನಿನಲ್ಲಿ ಎಷ್ಟೋ ಹಾಡುಗಳಿವೆ. ಹತ್ತು ಸೆಕೆಂಡಿಗಿಂತ ಹೆಚ್ಚು ಕೇಳಿದವು ಎಷ್ಟು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಅಬ್ಬಾನ ಬಳಿ ಇರುವ 'ಡಿಸ್ಕೋ ದೀವಾನೆ' ಮೂಲ ಕ್ಯಾಸೆಟ್ ಅಲ್ಲ. ಮೂಲದ್ದನ್ನು ಯಾರೋ ಒಯ್ದು ವಾಪಸ್ ಕೊಡಲಿಲ್ಲ. ಈಗಿನದು ನಕಲು. ನಕಲು ಮಾಡುವಾಗ ಒಂದು ಹಾಡಿನ ನಡುವೆ ಕರೆಂಟ್ ಹೋಯಿತಂತೆ. ಅಲ್ಲಿ ದನಿ ಒಮ್ಮೆ ಕುಸಿದು, ಒಂದು ಕ್ಷಣ ಖಾಲಿ ಬಿಟ್ಟು, ಮತ್ತೆ ಏಳುತ್ತದೆ. ಈಗ ಬೇರೆ ಎಲ್ಲಾದರೂ, ಬಸ್ಸಿನಲ್ಲಿ ಅಥವಾ ಮದುವೆ ಮನೆಯಲ್ಲಿ, ಅದೇ ಹಾಡು ಬಂದರೆ ಅಬ್ಬಾ ಆ ಜಾಗಕ್ಕೆ ಕಾಯುತ್ತಾರೆ. ಕರೆಂಟ್ ಹೋಗುವುದಿಲ್ಲ. ಹಾಡು ಮುಂದೆ ಹೋಗಿಬಿಡುತ್ತದೆ. ಆಗ ಅವರ ಮುಖದಲ್ಲಿ ಸಣ್ಣದೊಂದು ನಿರಾಶೆ ಕಾಣುತ್ತದೆ. ಇದನ್ನು ಬರೆಯುತ್ತಾ ನಾನೂ ಒಪ್ಪಿಕೊಳ್ಳುತ್ತೇನೆ, ನನಗೂ ಆ ಹಾಡು ಕರೆಂಟ್ ಹೋಗದೆ ಪೂರ್ತಿ ಆಗುವುದಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ಕೆಲವು ತಿಂಗಳ ಹಿಂದೆ ಅಂಗಡಿಯಲ್ಲಿ ಹಾಡು ನಡೆಯುತ್ತಿತ್ತು. ಪ್ಯಾಂಟು ಒಯ್ಯಲು ಬಂದ ಒಬ್ಬ ಗಿರಾಕಿ ಯಾರು ಹಾಡಿದ್ದು ಎಂದು ಕೇಳಿದರು. ಅಬ್ಬಾ ಖುಷಿಯಿಂದ ಹೇಳಿದರು: ನಾಜಿಯಾ ಹಸನ್, ಕರಾಚಿಯವರು. "ಪಾಕಿಸ್ತಾನದ್ದಾ? ಯಾಕ್ರಿ, ನಮ್ ದೇಶದಾಗ ಹಾಡೋರು ಯಾರೂ ಸಿಗಲಿಲ್ಲೇನು?" ಎಂದು ಅವರು ನಗುತ್ತಲೇ ಹೇಳಿದರು. ರೊಕ್ಕ ಕೊಟ್ಟರು, ಹೋದರು. ಆ ಮನುಷ್ಯ ಕೆಟ್ಟವರಲ್ಲ. ಈಗಲೂ ಬರುತ್ತಾರೆ, ಅಬ್ಬಾನ ಕೈ ಹೊಲಿಗೆ ಬಿಟ್ಟು ಬೇರೆಯವರ ಹೊಲಿಗೆ ಅವರಿಗೆ ಒಪ್ಪುವುದಿಲ್ಲ. ಆದರೆ ಆ ದಿನದಿಂದ ಅಂಗಡಿಯಲ್ಲಿ ನಾಜಿಯಾ ಹಾಡು ಕೇಳಬೇಕೆಂದರೆ ಅರ್ಧ ಶಟರ್ ಇಳಿದಿರಬೇಕು. ಅಬ್ಬಾ ಈ ಬಗ್ಗೆ ಏನೂ ಹೇಳಲಿಲ್ಲ. ನಾನು ಕೇಳಿದಾಗ "ನಕ್ಕೊ ಬೇಟಾ, ಗಿರಾಕಿ ಜೊತೆ ವಾದ ನಕ್ಕೊ" ಎಂದರು ಅಷ್ಟೇ.

ಅಬ್ಬಾ ವಾದ ಮಾಡುವುದು ಬೇಡ. ನಾನು ಕಾಮರ್ಸ್ ವಿದ್ಯಾರ್ಥಿನಿ, ಲೆಕ್ಕ ಹಾಕಿ ತೋರಿಸುತ್ತೇನೆ.

ನಾಜಿಯಾಳನ್ನು ಎಲ್ಲರಿಗೂ ಪರಿಚಯಿಸಿದ ಹಾಡು 1980ರ 'ಕುರ್ಬಾನಿ' ಸಿನಿಮಾದ್ದು. ಆ ಸಿನಿಮಾ ಬಿಡುಗಡೆಯಾದಾಗ ಆಕೆಗೆ ಹದಿನೈದು ವರ್ಷ, ಅಂದರೆ ನನಗಿಂತ ಎರಡು ವರ್ಷ ಚಿಕ್ಕವಳು. ಹುಟ್ಟಿದ್ದು ಕರಾಚಿ, 1965. ಆಗ ಲಂಡನ್ನಿನಲ್ಲಿದ್ದ ಹುಡುಗಿ. ಸಿನಿಮಾದ ನಿರ್ಮಾಪಕ, ನಿರ್ದೇಶಕ, ನಾಯಕ ಮೂರೂ ಫಿರೋಜ್ ಖಾನ್. ಅವರು ಹುಟ್ಟಿದ್ದು 1939ರಲ್ಲಿ, ಬೆಂಗಳೂರಿನಲ್ಲಿ. 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಸಿನಿಮಾದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ-ಆನಂದ್‌ಜಿ ಸಂಗೀತವಿದ್ದರೂ ಈ ಒಂದು ಹಾಡಿಗೆ ಫಿರೋಜ್ ಖಾನ್ ಲಂಡನ್ನಿನ ಒಬ್ಬರನ್ನು ಹಿಡಿದರು. ಅವರ ಹೆಸರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ, ಕೊಡವ ಮನೆತನದವರು, ಅವರೂ ಬೆಂಗಳೂರಿನಲ್ಲಿ ಹುಟ್ಟಿದವರು. ಗೀತೆ ಬರೆದ ಇಂದೀವರ್ ಝಾನ್ಸಿ ಕಡೆಯವರು. ತೆರೆಯ ಮೇಲೆ ಹಾಡಿದ್ದು ಮುಂಬೈಯ ಜೀನತ್ ಅಮಾನ್.

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರಿಕೆ ಅಧ್ಯಾಯ ಇದೆ, ಎಲ್ಲರಿಗೂ ತಲೆನೋವಿನ ಅಧ್ಯಾಯ. ಈ ಹಾಡನ್ನು ಒಂದು ಪಾಲುದಾರಿಕೆ ಸಂಸ್ಥೆ ಎಂದುಕೊಂಡು ಲಾಭ ಹಂಚಿದರೆ ಕರಾಚಿಗೆ ಒಂದು ಪಾಲು, ಝಾನ್ಸಿಗೆ ಒಂದು, ಮುಂಬೈಗೆ ಒಂದು, ಬೆಂಗಳೂರಿಗೆ ಎರಡು. ಗಿರಾಕಿ ಸಾಹೇಬರಿಗೆ ಹೇಳಬೇಕಾದ ಉತ್ತರ ಇಷ್ಟೇ: ಇದರಲ್ಲಿ ದೊಡ್ಡ ಪಾಲು ನಮ್ಮ ರಾಜ್ಯದ್ದು. ಆ ಹಾಡಿಗೆ 1981ರಲ್ಲಿ ನಾಜಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿ ಕೊಟ್ಟರು. ಕೊಟ್ಟವರು ಭಾರತದವರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪ್ರಶಸ್ತಿ ಪಡೆದ ಗಾಯಕಿ ಇನ್ನೊಬ್ಬರಿಲ್ಲ.

ಬಿದ್ದು ಅವರ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದಿರುವುದು ನನಗೆ ಆಶ್ಚರ್ಯ. ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡ್ ಕಟ್ಟಿ ಇಂಗ್ಲಿಷ್ ಹಾಡು ಹಾಡುತ್ತಿದ್ದರು. 1960ರ ದಶಕದಲ್ಲಿ, ಆ ಸಂಗೀತ ಎಲ್ಲಿಂದ ಬರುತ್ತದೋ ಅಲ್ಲಿಗೇ ಹೋಗುತ್ತೇನೆಂದು ಬ್ರಿಟನ್ನಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಾಸ್ ಎಂಬವರಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದರು. ತಟ್ಟೆಯ ಹಿಂದಿನ ಬದಿಗೆ ಇರಲಿ ಎಂದು ಮಾಡಿದ ಹಾಡು ಅದು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. 'ಕುರ್ಬಾನಿ'ಯ ನಂತರ ನಾಜಿಯಾ ಮತ್ತು ಆಕೆಯ ತಮ್ಮ ಜೊಹೇಬ್‌ಗೆ 1981ರಲ್ಲಿ 'ಡಿಸ್ಕೋ ದೀವಾನೆ' ಮಾಡಿಕೊಟ್ಟರು. 1984ರಲ್ಲಿ 'ಯಂಗ್ ತರಂಗ್'. ಮುಂದೆ 1995ರಲ್ಲಿ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ಮಾಡಿದವರೂ ಇವರೇ. ಒಬ್ಬ ಬೆಂಗಳೂರಿನ ಹುಡುಗ ಬ್ರಿಟನ್ನಿನ ಸಂಗೀತದ ಅಭಿಮಾನಿಯಾಗಿ ಹೊರಟು, ಲಂಡನ್ನಿನಲ್ಲಿ ಕರಾಚಿಯ ಹುಡುಗಿಯನ್ನು ಹಾಡಿಸಿ, ಅದು ಜಿದ್ದಾ ಮೂಲಕ ಆಳಂದಕ್ಕೆ ಬಂದು ಮುಟ್ಟಿತು. ಇದಕ್ಕೆ ಯಾವ ದೇಶದ ಪಾಸ್‌ಪೋರ್ಟ್ ಕೊಡುತ್ತೀರಿ?

ನನ್ನ ಫೂಫಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೂ ಎಂಬತ್ತರ ದಶಕದ ಲಂಡನ್ ಕಡೆಯ ಹುಚ್ಚೇ, ಆದರೆ ಜಾತಿ ಬೇರೆ. ಅವನದು 'ಆಲ್ಟರ್ನೇಟಿವ್ ರಾಕ್'. ಡಿಸ್ಕೋ ಎಂದರೆ ಮೂಗು ಮುರಿಯುತ್ತಾನೆ. ಡಿಸ್ಕೋ ಅಂಗಡಿ ಮಾಲು, ಆಲ್ಟರ್ನೇಟಿವ್ ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಕಂಪನಿಗಳಲ್ಲಿ ಹುಟ್ಟಿದ ನಿಜವಾದ ಸಂಗೀತ ಎನ್ನುವುದು ಅವನ ವಾದ. ಅವನ ದೇವರುಗಳು 'ದಿ ಸ್ಮಿತ್ಸ್' ಎಂಬ ತಂಡ. ಮ್ಯಾಂಚೆಸ್ಟರ್‌ನ ನಾಲ್ಕು ಹುಡುಗರು, 1982ರಲ್ಲಿ ಶುರು, 1987ರಲ್ಲಿ ಮುಗಿಯಿತು. ಐದೇ ವರ್ಷ. ಆ ಐದು ವರ್ಷದ ಹಾಡುಗಳನ್ನು ಇಟ್ಟುಕೊಂಡು ಇವತ್ತಿಗೂ ಬದುಕುತ್ತಿರುವ ಅಭಿಮಾನಿಗಳು ಪ್ರಪಂಚದ ತುಂಬಾ ಇದ್ದಾರಂತೆ.

ಈದ್‌ಗೆ ಬಂದಾಗ ಅಬ್ಬಾನ ಕಿವಿಗೆ ಇಯರ್‌ಫೋನ್ ಹಾಕಿ ಒಂದು ಹಾಡು ಕೇಳಿಸಿದ. ಅಬ್ಬಾ ಪೂರ್ತಿ ಕೇಳಿದರು, ನಡುವೆ ತೆಗೆಯಲಿಲ್ಲ. ಕೊನೆಗೆ, "ಗಿಟಾರ್ ಬಹುತ್ ಅಚ್ಛಾ. ಆದರೆ ಈ ಹುಡುಗ ಯಾಕೆ ಅಳ್ತಾನೆ?" ಎಂದರು. ಅಣ್ಣ ವಿವರಿಸಿದ: ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು, ಗಿರಣಿಗಳು ಮುಚ್ಚಿಹೋಗಿದ್ದವು, ಎಂಬತ್ತರ ದಶಕದಲ್ಲಿ ಹುಡುಗರಿಗೆ ಕೆಲಸವಿರಲಿಲ್ಲ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಮಾತು ತೆಗೆದರು. ನಿಜಾಮರ ಕಾಲದ ಗಿರಣಿ, ನಮ್ಮ ದಾದಾನ ಕಡೆಯ ಇಬ್ಬರು ಅಲ್ಲಿ ದುಡಿದವರು. ಈಗ ಬಸ್ ಕಂಡಕ್ಟರ್ ಕೂಗುವ ಹೆಸರು ಮಾತ್ರ ಉಳಿದಿದೆ. "ಹಾಗಾದರೆ ಅಳಲಿ ಬಿಡು" ಎಂದರು.

ಆ ಅಣ್ಣನ ಅಭಿಮಾನಕ್ಕೆ ಅಬ್ಬಾನ ಅಭಿಮಾನಕ್ಕಿಂತ ದೊಡ್ಡ ಪರೀಕ್ಷೆ ಬಂದಿದೆ. ಸ್ಮಿತ್ಸ್ ತಂಡದ ಹಾಡುಗಾರ ಮಾರಿಸ್ಸಿ. ತಂಡ ಒಡೆದ ಮೇಲೆ 1988ರಲ್ಲಿ ಅವನು ಒಂಟಿಯಾಗಿ ತಂದ ಮೊದಲ ಆಲ್ಬಮ್ಮಿನಲ್ಲಿ ಒಬ್ಬ ಬಂಗಾಳಿ ವಲಸಿಗನ ಬಗ್ಗೆ ಒಂದು ಹಾಡಿದೆ. ನೀನು ಎಷ್ಟು ಕಷ್ಟಪಟ್ಟರೂ ಇಲ್ಲಿಯವನಾಗಲಾರೆ ಎಂಬ ಅರ್ಥ ಬರುವ ಹಾಡು. ಅಲ್ಲಿದ್ದ ನಮ್ಮ ಕಡೆಯ ಜನರಿಗೆ, ಅವನನ್ನು ಪ್ರೀತಿಯಿಂದ ಕೇಳುತ್ತಿದ್ದವರಿಗೆ, ಅದು ಎಷ್ಟು ನೋವಾಗಿರಬೇಕು. 1992ರಲ್ಲಿ ಕಾರ್ನರ್‌ಶಾಪ್ ಎಂಬ ತಂಡದವರು, ಅದರಲ್ಲಿ ಪಂಜಾಬಿ ಮೂಲದ ಹುಡುಗರಿದ್ದರು, ಲಂಡನ್ನಿನ ಇ.ಎಂ.ಐ. ಕಂಪನಿಯ ಕಚೇರಿ ಮುಂದೆ ಮಾರಿಸ್ಸಿಯ ಚಿತ್ರ ಸುಟ್ಟರು. ನನಗೆ ಇಷ್ಟವಾದದ್ದು ಆ ಸುಟ್ಟ ಸುದ್ದಿಗಿಂತ ಅವರು ಮುಂದೆ ಮಾಡಿದ ಕೆಲಸ. ಅದೇ ಹುಡುಗರು 1997ರಲ್ಲಿ ಆಶಾ ಭೋಸ್ಲೆಯವರ ಮೇಲೆ, ಹಳೆಯ ಹಾಡಿನ ತಟ್ಟೆಗಳ ಮೇಲೆ ಪ್ರೀತಿಯಿಂದ ಒಂದು ರಾಕ್ ಹಾಡು ಕಟ್ಟಿದರು. 1998ರಲ್ಲಿ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಂದರೆ ಒಂದು ಹೊತ್ತು ಇಡೀ ಬ್ರಿಟನ್, ಗೊತ್ತಿದ್ದೋ ಗೊತ್ತಿಲ್ಲದೆಯೋ, ನಮ್ಮ ಆಶಾ ತಾಯಿಯ ಹೆಸರು ಗುನುಗುತ್ತಿತ್ತು. ಅಲ್ಲಿ ಯಾರಾದರೂ ಅಂಗಡಿಯಲ್ಲಿ "ಯಾಕೆ, ನಮ್ಮ ದೇಶದಲ್ಲಿ ಹಾಡೋರಿಲ್ಲವೇ?" ಎಂದು ಕೇಳಿರಬಹುದು. ಹಾಡು ನಿಲ್ಲಲಿಲ್ಲ.

ಅಣ್ಣ ಈಗಲೂ ಸ್ಮಿತ್ಸ್ ಕೇಳುತ್ತಾನೆ. ಒಂದು ವರ್ಷ ಬಿಟ್ಟಿದ್ದನಂತೆ. ಆಮೇಲೆ ಮತ್ತೆ ಶುರು ಮಾಡಿದ. "ಹಾಡು ನನ್ನ ಹತ್ತಿರ ಬಂದು ಬಹಳ ವರ್ಷ ಆಯ್ತು, ಈಗ ಅದು ಅವನದ್ದಲ್ಲ" ಎನ್ನುತ್ತಾನೆ. ಡಿಸ್ಕೋ ಬಗ್ಗೆ ಅವನ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ, ಈ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ಹಾಡು ಕೇಳುವುದೇ ಸರಿಯೇ ಎಂದು ಕೇಳುವವರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ನಮ್ಮ ಮನೆಯಲ್ಲೂ ಇದ್ದರು, ನಮ್ಮ ದಾದಿ. ಅವರಿಗೆ ಬಾಜಾ ಬಜಂತ್ರಿ ಸೇರುತ್ತಿರಲಿಲ್ಲ. ಈ ಬಗ್ಗೆ ಉಲೆಮಾಗಳಲ್ಲಿಯೇ ಬೇರೆ ಬೇರೆ ಅಭಿಪ್ರಾಯಗಳಿವೆ, ಅದನ್ನು ಚರ್ಚಿಸುವ ವಿದ್ಯೆ ನನಗಿಲ್ಲ. ಅಬ್ಬಾ ಅಜಾನ್ ಆದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುತ್ತಾರೆ, ರಂಜಾನ್ ತಿಂಗಳಿಡೀ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿರುತ್ತಾರೆ. ದಾದಿ ಮತ್ತು ಅವರ ನಡುವೆ ಒಂದು ಒಪ್ಪಂದ ಇತ್ತು, ದಾದಿ ಮಲಗುವ ಕೋಣೆಯವರೆಗೆ ದನಿ ಹೋಗಬಾರದು. ಇಬ್ಬರೂ ಕೊನೆಯವರೆಗೆ ಪಾಲಿಸಿದರು. ಲಾಡ್ಲೆ ಮಶಾಯಿಕ್ ಅವರ ದರ್ಗಾ ಇರುವ ಊರು ನಮ್ಮದು. ಕಲಬುರಗಿಯ ಖ್ವಾಜಾ ಬಂದೇ ನವಾಜರು ಚಿಶ್ತಿ ಪರಂಪರೆಯವರು, ಆ ಪರಂಪರೆಯಲ್ಲಿ ಸಮಾ ಎಂಬುದು ಹಾಡು ಕೇಳುವ ಸಾಧನೆಯೇ ಆಗಿತ್ತು. ಡಿಸ್ಕೋ ಸಮಾ ಅಲ್ಲ, ಅದು ನನಗೂ ಗೊತ್ತು. ಕಿವಿಗೊಟ್ಟು ಕೇಳುವುದಕ್ಕೆ ನಮ್ಮ ಕಡೆ ಹಿಂದಿನಿಂದ ಬೆಲೆ ಇತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಹಾಡು ಯಾರದ್ದು ಎಂದು ಕೇಳುವ ಚಾಳಿಯೂ ನಮ್ಮ ಕಡೆಯದ್ದಲ್ಲ. ಜೇವರ್ಗಿ ಕಡೆಯಿಂದ ಬರುವ ನನ್ನ ಗೆಳತಿಯ ಅಜ್ಜ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾರೆ. ಹಾಡುತ್ತಾ ಹಾಡುತ್ತಾ ಚೆನ್ನೂರು ಜಲಾಲ ಸಾಹೇಬರ ಪದಕ್ಕೆ ಹೋಗುತ್ತಾರೆ. ಜಲಾಲ ಸಾಹೇಬರು ಮಡಿವಾಳಪ್ಪನವರ ಶಿಷ್ಯರು. ಗುರು ಮಠದ ಕಡೆಯವರು, ಶಿಷ್ಯ ಮುಸಲ್ಮಾನ, ಹಾಡುವ ಅಜ್ಜ ಕುರುಬರು, ಕೇಳುತ್ತಾ ಕೂತ ನಾನು ಉರ್ದು ಮನೆಯವಳು. ಯಾವ ಪದ ಯಾರದ್ದು ಎಂದು ನನಗೆ ಗೆಳತಿ ಹೇಳಿದ ಮೇಲೆಯೇ ಗೊತ್ತಾಯಿತು. ಅಫಜಲಪುರದ ಇನ್ನೊಬ್ಬಳ ತಾಯಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂದರೆ ಜೀವ. ತೆಲುಗಿನವರು ಅವರು. 2020ರಲ್ಲಿ ಅವರು ತೀರಿಕೊಂಡಾಗ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ.

ನಾಜಿಯಾ ತೀರಿಕೊಂಡದ್ದು 2000ದ ಆಗಸ್ಟ್ 13ರಂದು, ಲಂಡನ್ನಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್‌ನಿಂದ. ವಯಸ್ಸು ಕೇವಲ 35. ನಾನು ಹುಟ್ಟುವ ಮೊದಲಿನ ಮಾತು. ಅಬ್ಬಾ ಉರ್ದು ಪೇಪರಿನಲ್ಲಿ ಬಂದ ಆ ಚೂರನ್ನು ಕತ್ತರಿಸಿ ಕ್ಯಾಸೆಟ್ ಡಬ್ಬಿಯೊಳಗೆ ಮಡಚಿ ಇಟ್ಟಿದ್ದಾರೆ. 1992ರ 'ಕ್ಯಾಮೆರಾ ಕ್ಯಾಮೆರಾ' ಆಕೆಯ ಕೊನೆಯ ಆಲ್ಬಮ್. ಹಾಡುತ್ತಲೇ ಓದಿದವಳು ಆಕೆ, ವ್ಯವಹಾರ ನಿರ್ವಹಣೆ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ, ಆಮೇಲೆ ಕಾನೂನು, ವಿಶ್ವಸಂಸ್ಥೆಯಲ್ಲೂ ಕೆಲಸ ಮಾಡಿದಳು. ಇದನ್ನು ಅಬ್ಬಾ ನನಗೆ ಎಷ್ಟು ಸಲ ಹೇಳಿದ್ದಾರೆಂದು ಲೆಕ್ಕವಿಲ್ಲ. ನಾನು ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ ಸಂಬಂಧಿಕರು ಹುಡುಗಿಗೆ ಯಾಕೆ ಎಂದರು, ಅಬ್ಬಾ "ನಾಜಿಯಾ ಓದಿರಲಿಲ್ಲವೇ?" ಎಂದರು. ಅವರಿಗೆ ಯಾರು ಈ ನಾಜಿಯಾ ಎಂದು ಅರ್ಥವೇ ಆಗಲಿಲ್ಲ. ಓಣಿಯ ಯಾರೋ ಹುಡುಗಿ ಎಂದುಕೊಂಡರು. ಒಬ್ಬರು ಈಗ ಆಕೆ ಎಲ್ಲಿ ಕೆಲಸಕ್ಕಿದ್ದಾಳೆ ಎಂದೂ ಕೇಳಿದರು.

ಕಳೆದ ತಿಂಗಳು ಮನೆಗೆ ಸುಣ್ಣ ಬಳಿಯುವಾಗ ಕ್ಯಾಸೆಟ್‌ಗಳ ಚೀಲ ಹೊರಗೆ ಬಂತು. ಗುಜರಿಯವನು ಚೀಲಕ್ಕೆ 40 ರೂಪಾಯಿ ಹೇಳಿದ. ಸವಕಳಿ ಲೆಕ್ಕದ ಪ್ರಕಾರ ಅವನು ಹೇಳಿದ್ದು ಹೆಚ್ಚೇ. ನಲವತ್ತು ವರ್ಷ ಹಳೆಯ ಆಸ್ತಿಯ ಪುಸ್ತಕ ಮೌಲ್ಯ ಸೊನ್ನೆಯ ಹತ್ತಿರ ಇರುತ್ತದೆ, ನಮ್ಮ ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದ್ದಾರೆ. ಅಮ್ಮಿ ಕೊಟ್ಟುಬಿಡೋಣ ಎಂದರು. ಅಬ್ಬಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅರ್ಧ ಶಟರ್ ಇಳಿಸಲು ಕಲಿತವರು ಇದಕ್ಕೂ ಸುಮ್ಮನಿರುತ್ತಾರೆ ಎಂದು ನನಗೆ ಭಯವಾಯಿತು. ಚೀಲವನ್ನು ನಾನೇ ಒಳಗೆ ತಂದೆ.

ಈಗ ಭಾನುವಾರಗಳಲ್ಲಿ ಅವುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಪೆಟ್ಟಿಗೆಗೆ ಕಲಬುರಗಿಯಿಂದ ಹೊಸ ಬೆಲ್ಟು ತರಿಸಿದೆ. ಒಟ್ಟು 31 ಕ್ಯಾಸೆಟ್, ಇಲ್ಲಿಯವರೆಗೆ 11 ಆಗಿವೆ. ಎರಡಕ್ಕೆ ಬೂಸ್ಟು ಹಿಡಿದಿದೆ, ಅವುಗಳನ್ನು ನೆರಳಿನಲ್ಲಿ ಬಿಚ್ಚಿ ಒಣಗಿಸಿ, ಮೆತ್ತನೆ ಬಟ್ಟೆಯಿಂದ ನಿಧಾನವಾಗಿ ಒರೆಸಬೇಕು. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಆಗಾಗ ಒರೆಸದಿದ್ದರೆ ದನಿ ಮಸುಕಾಗುತ್ತದೆ. ಇಳಿಸುವ ಹೊತ್ತಿಗೆ ಕಿಟಕಿ ಮುಚ್ಚುವುದಿಲ್ಲ, ದನಿಯನ್ನೂ ಕಡಿಮೆ ಮಾಡುವುದಿಲ್ಲ. ಮೊದಲ ವಾರ ಅಬ್ಬಾ ಎರಡು ಸಲ ಬಂದು ಕಿಟಕಿ ಕಡೆ ನೋಡಿದರು. ಮೂರನೇ ವಾರ ಕುರ್ಚಿ ಎಳೆದುಕೊಂಡು ಕೂತರು. ಕರೆಂಟ್ ಹೋದ ಜಾಗವನ್ನು ಸಾಫ್ಟ್‌ವೇರ್‌ನಲ್ಲಿ ಸರಿಮಾಡಬಹುದು, ಮಾಡಲೇ ಎಂದು ಕೇಳಿದೆ. "ನಕ್ಕೊ" ಎಂದರು.

ನಿಮ್ಮ ಮನೆಯಲ್ಲೂ ಇಂಥ ಚೀಲ ಇದ್ದರೆ, ಯಾವ ಭಾಷೆಯದ್ದೇ ಇರಲಿ, ತತ್ವಪದವೋ ಕವ್ವಾಲಿಯೋ ರಾಜಕುಮಾರರ ಸಿನಿಮಾ ಹಾಡೋ ಇರಲಿ, ಗುಜರಿಗೆ ಹಾಕುವ ಮೊದಲು ನನಗೆ ತಿಳಿಸಿ. ದ್ವಿತೀಯ ಪಿಯುಸಿ, ಕಾಮರ್ಸ್, ಕಿಟಕಿ ಪಕ್ಕದ ಮೂರನೇ ಬೆಂಚು. ಜೊತೆಗೆ ಒಂದು ಪೆನ್ಸಿಲ್ ತನ್ನಿ.